ಸೊನ್ನೆ ಟಿಕೆಟ್

ಡಾಕ್ಟರು ಹಾಳೆಯನ್ನು ನನ್ನ ಕಡೆ ತಿರುಗಿಸಿ
ಪೆನ್ನಿನ ತುದಿಯಿಂದ ಒಂದು ಅಂಕಿ ತಟ್ಟಿದರು:
ಸೊನ್ನೆ ಪಾಯಿಂಟ್ ನಾಲ್ಕು.
"ವಯಸ್ಸಿಗೂ ಕಮ್ಮಿಯೇ ಇದು, ರತ್ನಮಾಲಾ.
ಮುಖ ನೋಡಿದರೆ ಮೂವತ್ತು ಅನ್ನಬಹುದು,
ಅಂಡಾಶಯ ಮುಖ ನೋಡಿ ಲೆಕ್ಕ ಇಡಲ್ಲ."
ತಲೆಯಾಡಿಸಿದೆ. ಲೆಕ್ಕ ನನಗೆ ಹೊಸದಲ್ಲ.
ಹದಿನಾರು ವರ್ಷ ಯಶವಂತಪುರ–ಬನಶಂಕರಿ ರೂಟಿನಲ್ಲಿ
ನಿಂತುಕೊಂಡೇ ಚಿಲ್ಲರೆ ಎಣಿಸಿದವಳು.

ಸ್ಕ್ಯಾನ್ ಕೋಣೆಯಲ್ಲಿ ಕತ್ತಲು.
"ಬಲಕ್ಕೆ ಎರಡು. ಎಡಕ್ಕೆ..."
ಎಡಕ್ಕೆ, ಎಡಕ್ಕೆ ಅನ್ನುತ್ತಾ ಆಕೆ ಹುಡುಕಿದಳು,
ಕೊನೇ ಟ್ರಿಪ್ ಮುಗಿದ ಮೇಲೆ ಸೀಟಿನ ಕೆಳಗೆ ಟಾರ್ಚು ಬಿಟ್ಟು
ಯಾರೋ ಮರೆತ ಕೊಡೆ ಹುಡುಕಿದ ಹಾಗೆ.
"ಎಡಕ್ಕೆ ಒಂದು."

ಹುಟ್ಟುವಾಗಲೇ ಅಷ್ಟೂ ಇರುತ್ತವಂತೆ.
ಆಮೇಲೆ ಹೊಸದು ಹತ್ತುವುದೇ ಇಲ್ಲ,
ಇಳಿಯುವುದು ಮಾತ್ರ. ಒಂದು ಬಲಿಯುವಷ್ಟರಲ್ಲಿ
ನೂರಾರು ಇಳಿದು ಹೋಗುತ್ತವಂತೆ,
ಸ್ಟಾಪು ಕೇಳದೆ, ಸದ್ದು ಮಾಡದೆ.
ನಾನೇ ಕಂಡಕ್ಟರು, ನನಗೇ ಗೊತ್ತಾಗಲಿಲ್ಲ.

ಅಂದರೆ ನಾನು ಅಮ್ಮನ ಬಸುರಲ್ಲಿದ್ದಾಗ
ಆಗಲೇ ನನ್ನೊಳಗೆ ಅವೂ ಇದ್ದವು.
ಕಾಟನ್‌ಪೇಟೆಯ ಹಿಂದಿನ ಓಣಿಯಲ್ಲಿ
ಮಣೆ ಮೇಲೆ ಬಗ್ಗಿ ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು,
ಸಾವಿರಕ್ಕೆ ಇಷ್ಟು ಅಂತ ಕೂಲಿ, ಮುರಿದದ್ದಕ್ಕೆ ಕಡಿತ.
ಇದ್ದಿಲ ಪುಡಿ, ಜಿಗಟು, ಘಾಟು.
ಅವಳ ಹೊಟ್ಟೆಯೊಳಗೆ ನಾನು,
ನನ್ನ ಹೊಟ್ಟೆಯೊಳಗೆ ಅವು, ಸಾಸಿವೆಗಿಂತ ಸಣ್ಣವು,
ಮೂರು ತಲೆಮಾರು ಒಂದೇ ಮಣೆಯ ಮುಂದೆ.
ಈ ತಿಂಗಳು ಕಣ್ಣಿಗೆ ಬಿದ್ದ ಮೂರಕ್ಕೂ ನನ್ನಷ್ಟೇ ವಯಸ್ಸು.
ಮೂವತ್ತೊಂಬತ್ತು ವರ್ಷ ಕುಂತಲ್ಲೇ ಕಾದು
ಅವಕ್ಕೂ ಮಂಡಿ ನೋವಿರಬೇಕು.

ಹನ್ನೊಂದು ರಾತ್ರಿ ಹೊಟ್ಟೆಗೆ ಸೂಜಿ.
ಚುಚ್ಚುವವನು ಗಂಗರಾಜು. ಪೀಣ್ಯದಲ್ಲಿ ಲೇತ್ ನಡೆಸುವ ಕೈ,
ಕೂದಲೆಳೆ ಹೆಚ್ಚುಕಮ್ಮಿಯಾದರೂ ಪೀಸು ಪಕ್ಕಕ್ಕೆಸೆಯುವ ಕೈ,
ನನ್ನ ಹೊಕ್ಕುಳ ಹತ್ತಿರ ನಡುಗುತ್ತದೆ.
ಫ್ರಿಜ್ಜಿನಲ್ಲಿ ಇಂಜೆಕ್ಷನ್ನು, ಪಕ್ಕದಲ್ಲೇ ದೋಸೆ ಹಿಟ್ಟು.
"ಬೇಗ ಬರಬೇಕಿತ್ತು" ಅಂತಾರೆ ಎಲ್ಲರೂ.
ತಂಗಿಯರ ಮದುವೆ, ಅಪ್ಪನ ಡಯಾಲಿಸಿಸ್,
ಬರುತ್ತೆ ಬರುತ್ತೆ ಅಂತ ಬಾರದಿದ್ದ ಖಾಯಂ ಆರ್ಡರು.
ಯಾವ ಸ್ಟಾಪು ಬಿಟ್ಟು ಬೇಗ ಬರಲಿ?

ಮೂರರಲ್ಲಿ ಸಿಕ್ಕಿದ್ದು ಎರಡು, ಎರಡರಲ್ಲಿ ಬಲಿತದ್ದು ಒಂದು.
ಆ ಒಂದು ಮೂರನೇ ದಿನಕ್ಕೆ ನಿಂತುಹೋಯಿತು.

ಡಾಕ್ಟರು ಇನ್ನೊಂದು ಹಾಳೆ ಕೊಟ್ಟರು, ಮೆಲ್ಲಗೆ.
ದಾನಿಯ ಅಂಡ. ಇಪ್ಪತ್ನಾಲ್ಕೋ ಇಪ್ಪತ್ತೈದೋ ವರ್ಷದವಳದು.
ಹೆಸರು ಹೇಳುವುದಿಲ್ಲ, ಮುಖ ತೋರಿಸುವುದಿಲ್ಲ.
"ಗರ್ಭಕೋಶಕ್ಕೆ ಏನೂ ಆಗಿಲ್ಲ ನಿಮಗೆ" ಅಂದರು,
ಗೋಡೆ ಗಟ್ಟಿಯಿದೆ, ಬಾಡಿಗೆಗೆ ಕೊಡಬಹುದು ಅಂದ ಹಾಗೆ ಕೇಳಿಸಿತು.

ಆವತ್ತಿನಿಂದ ಹುಡುಗಿಯರ ಮುಖ ನೋಡುವ ಚಟ.
ಆಧಾರ್ ತೋರಿಸಿ ಕೈ ಚಾಚುತ್ತಾರೆ,
ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಡುತ್ತೇನೆ.
ಇವಳೇನಾ? ಕೊರಳಲ್ಲಿ ಗಾರ್ಮೆಂಟ್ಸಿನ ಐಡಿ, ನಿದ್ದೆಗೆಟ್ಟ ಕಣ್ಣು.
ಅವಳೇನಾ? ಫೋನು ನೋಡಿ ತನ್ನಷ್ಟಕ್ಕೆ ನಗುವವಳು,
ಗಲ್ಲದಲ್ಲಿ ಗುಳಿ.
ಆ ಗುಳಿ ನಮ್ಮ ಮನೆಗೆ ಬಂದರೆ
ಯಾರ ಕಡೆಯದೇ ಇದು ಅಂತ ಅಮ್ಮ ಕೇಳಲಾರಳೆ?
ಇವಳೇ ಕೇಳಿಬಿಟ್ಟಳು: "ಏನ್ ಮೇಡಂ, ಹಂಗ್ ನೋಡ್ತೀರಾ?"
"ಏನಿಲ್ಲಮ್ಮ, ಒಳಗೆ ಹೋಗು, ಜಾಗ ಇದೆ."

ಹಾಳೆ ಚರ್ಮದ ಚೀಲದಲ್ಲಿದೆ. ಸಹಿ ಹಾಕಿಲ್ಲ.
ನಾಣ್ಯಗಳು ಉಜ್ಜಿ ಉಜ್ಜಿ ಅದರ ಅಂಚು
ಅಮ್ಮನ ಬೆರಳಿನ ಹಾಗೆ ಕಪ್ಪಾಗಿದೆ.

ನಿನ್ನೆ ನವರಂಗ್ ದಾಟಿದ ಮೇಲೆ
"ಹೋಲ್ಡಾನ್!" ಅಂತ ಕೂಗಿದೆ.
ಇಳಿಯುವವರು ಯಾರೂ ಇರಲಿಲ್ಲ.
ಡ್ರೈವರ್ ಮುನಿಕೃಷ್ಣ ಕನ್ನಡಿಯಲ್ಲಿ ನನ್ನನ್ನು ಹುಡುಕಿದ:
"ಏನಾಯ್ತಕ್ಕ?"
ಹಿಂದಿನ ಗಾಡಿಗಳೆಲ್ಲ ಹಾರನ್ನು ಹೊಡೆಯತೊಡಗಿದವು.
ರೈಟ್, ಅಂದೆ.