ಇದ್ದೀಯಾ, ಇದ್ದೇನೆ

ಮಹಾಪೆಯ ಈ ಕಟ್ಟಡಕ್ಕೆ ಕಿಟಕಿಯಿಲ್ಲ.
ಹೊರಗೆ ಠಾಣೆ ಖಾಡಿಯ ಉಪ್ಪುಗಾಳಿ, ಟ್ರಕ್ಕಿನವರ ಚಹಾ,
ಒಳಗೆ ಹದಿನೆಂಟು ಡಿಗ್ರಿ ಚಳಿ,
ಮತ್ತು ಸ್ವೆಟರ್ ಮರೆತು ಬಂದ ನಾನು.

ಏಳನೆಯ ಸಾಲಿನ ಸ್ವಿಚ್ಚಿಗೂ ಒಂಬತ್ತನೆಯದಕ್ಕೂ ನಡುವೆ
ಘೋರ್ಪಡೆ ಎಳೆದು ಕಟ್ಟಿದ ಎರಡು ಹಳದಿ ಎಳೆ.
ಲೆಕ್ಕದಲ್ಲಿ ಮಾತ್ರ ಒಂದೇ:
ಒಂದು ಕಡಿದರೂ ಮಾತು ಕಡಿಯದ ಹಾಗೆ,
ಒಬ್ಬರ ಮಾತೆಲ್ಲ ಒಂದರಲ್ಲೇ ಹೋಗುವ ಹಾಗೆ.
ಅರ್ಧ ಅಲ್ಲಿ ಅರ್ಧ ಇಲ್ಲಿ ಹರಿದರೆ
‘ಹೋಗಬೇಡ, ಇರು’ ಅಂದದ್ದು
‘ಇರಬೇಡ, ಹೋಗು’ ಆಗಿ ಮುಟ್ಟೀತು.

ಹೋದ ವಾರ ಕಂಟ್ರೋಲರ್ ಬಂತು.
ಸ್ವಿಚ್ಚುಗಳ ತಲೆಯಿಂದ ಯೋಚನೆ ತೆಗೆದು
ಮೂರನೇ ಮಹಡಿಯ ಒಂದು ಪೆಟ್ಟಿಗೆಯಲ್ಲಿಟ್ಟರು.
ಗೊತ್ತಿಲ್ಲದ್ದೇನು ಬಂದರೂ ನನ್ನ ಹತ್ತಿರ ಕಳಿಸಿ, ಅಂತು ಅದು,
ಹೊಸ ಸೊಸೈಟಿ ಸೆಕ್ರೆಟರಿಯ ದನಿಯಲ್ಲಿ.

ಎರಡೂ ನಲವತ್ತಕ್ಕೆ ಪರದೆ ಕೆಂಪು.
ಎಳೆಗಳು ನೆಟ್ಟಗಿವೆ, ದೀಪ ಹಸಿರು,
ಆದರೂ ಜೋಡಿ ಬಿಚ್ಚಿಕೊಂಡಿದೆ.
ಘೋರ್ಪಡೆ ಟಾರ್ಚು ಹಿಡಿದು ಮರಾಠಿಯಲ್ಲಿ ಬೈದ,
ಅಕ್ಕಲಕೋಟೆಯವನು, ನನ್ನ ಸಲುವಾಗಿ
ಮತ್ತೊಮ್ಮೆ ಕನ್ನಡದಲ್ಲೂ.

ನಾಲ್ಕಕ್ಕೆ ಸಿಕ್ಕಿತು.
ಸೆಕೆಂಡಿಗೊಮ್ಮೆ ಆ ಸ್ವಿಚ್ಚು ಈ ಸ್ವಿಚ್ಚನ್ನು ಕೇಳುತ್ತದೆ, ಇದ್ದೀಯಾ?
ಇದ್ದೇನೆ, ಅನ್ನುತ್ತದೆ ಇದು. ಅಷ್ಟೇ.
ಮೂರು ಸಲ ಕೇಳಿಸದಿದ್ದರೆ ಕೈ ಬಿಡುತ್ತದೆ.
ಆ ಪಿಸುಮಾತನ್ನೇ ಕಂಟ್ರೋಲರ್
ಅಪರಿಚಿತವೆಂದು ಮೇಲಕ್ಕೆ ಕರೆಸಿಕೊಂಡು
ಉತ್ತರಿಸದೆ ಇಟ್ಟುಕೊಂಡಿತ್ತು.

ಡೊಂಬಿವಿಲಿಯ ನಮ್ಮ ಚಾಳಿನಲ್ಲಿ
ಆರೂವರೆಗೆ ರಾಣೆಬಾಯಿ ಗೋಡೆಗೆ ಲಟ್ಟಣಿಗೆ ತಟ್ಟುತ್ತಾಳೆ,
ಈಚೆಯಿಂದ ಅವ್ವನ ಸೌಟು.
ಇಪ್ಪತ್ತೆರಡು ವರ್ಷದಲ್ಲಿ ಇದರಾಚೆ ಮಾತು ಕಡಿಮೆ,
ನೀರಿನ ಸರದಿಯಲ್ಲಿ ಜಗಳ ಬೇರೆ.

ಒಂದು ಸಾಲು ಬರೆದೆ, ಎಲ್ಲ ನಿಯಮಗಳಿಗಿಂತ ಮೇಲೆ:
ಇಂಥ ಮಾತು ಬಂದರೆ ಕಳಿಸಬೇಡ, ನೀನೇ ಕೇಳಿ ನೀನೇ ಹೇಳು.
ಉಳಿದದ್ದು, ಯಾರಿಗೆ ಯಾವ ದಾರಿ, ಎಷ್ಟು ಭಾರ,
ಪೆಟ್ಟಿಗೆಯೇ ನೋಡಿಕೊಳ್ಳಲಿ;
ಅದಕ್ಕೆ ಇಡೀ ನಕಾಶೆ ಕಾಣುತ್ತದೆ, ಸುಳ್ಳೇಕೆ.
ಈ ಎರಡನ್ನು ಒಂದೆಂದು ಎಣಿಸಲು ಅದಕ್ಕೂ ಹೇಳಿಕೊಟ್ಟೆ.

ಜೋಡಿ ಕೂಡಿತು.
ಘೋರ್ಪಡೆ ಬೇಕಂತಲೇ ಒಂದು ಎಳೆ ಕಿತ್ತ.
ಪರದೆ ಕಣ್ಣು ಮಿಟುಕಿಸಲಿಲ್ಲ.
ಮತ್ತೆ ಸಿಕ್ಕಿಸಿದ, ಪ್ಯಾಂಟಿಗೆ ಕೈ ಒರೆಸಿದ, ಚಹಾಕ್ಕೆ ಹೋದ.

ಘಣಸೋಲಿಯಲ್ಲಿ ಗಾಡಿ ಹತ್ತಿದಾಗ ಆರೂ ಇಪ್ಪತ್ತೆಂಟು.
ಅವ್ವನಿಗೆ ಫೋನು ಮಾಡಿದೆ, ಏನೂ ಕೇಳಲಿಲ್ಲ,
ಸುಮ್ಮನೆ ಕಿವಿಗೆ ಹಿಡಿದುಕೊಂಡಿದ್ದೆ.
ಟಕ್, ಅಂತು ಅತ್ತ ಗೋಡೆ.
ತಡಿಯೇ, ಅಂದಳು ಅವ್ವ,
ಈ ಹಾಳು ಸೌಟು ಎಲ್ಲಿಟ್ಟೆ.