ಏಳು ಸಾವಿರದ ಒಂಬೈನೂರ ನಲವತ್ತು

ಒಮರಿಯ ಲಾರಿ ತೂಕದ ಹಲಗೆ ಹತ್ತಿದಾಗಲೇ
ಇದಕ್ಕೆ ಕೈಕಾಲು ಬಿದ್ದುಹೋಗಬೇಕೆ?
ಪರದೆಯ ಮೇಲೆ ಅಂಕಿ ಬಂದು ನಿಂತಿದೆ:
ಏಳು ಸಾವಿರದ ಒಂಬೈನೂರ ನಲವತ್ತು ಕಿಲೋ.
ಎಂಟರ್ ಒತ್ತಿದರೆ ಮುಗಿಯಿತು.
ಒತ್ತಿದೆ. ಮತ್ತೆ ಒತ್ತಿದೆ. ಕುಟ್ಟಿದೆ.
ಬಾಣದ ಗುರುತು ನಡುಪರದೆಯಲ್ಲಿ
ಸತ್ತ ನೊಣದಂತೆ ಅಂಟಿಕೊಂಡಿದೆ.

ಕಾಖೇತಿಯಲ್ಲಿ ಕೊಯ್ಲಿನ ಹನ್ನೊಂದನೇ ದಿನ.
ಹೊರಗೆ ಮೂವತ್ತೊಂದು ಲಾರಿ, ಒಂದಿಷ್ಟು ಟ್ರಾಕ್ಟರು,
ಒಂದು ಹಳೆಯ ಆಂಬುಲೆನ್ಸು,
ರೋಗಿ ಮಲಗುವ ಜಾಗದಲ್ಲಿ ದ್ರಾಕ್ಷಿ.
ನಾನು, ನಾನುಲಿ,
ಹತ್ತೊಂಬತ್ತು ವರ್ಷದಿಂದ ಈ ತೂಕದ ಮನೆಯ ಗುಮಾಸ್ತೆ.
ಯಾರ ಮುಲಾಜಿಗೂ ಒಂದು ಕಿಲೋ
ಅತ್ತ ಹೋಗಿಲ್ಲ, ಇತ್ತ ಬಂದಿಲ್ಲ.

ಗೊಚಾ ಕಿಟಕಿಗೆ ತಲೆ ತೂರಿಸಿ, 'ಊದು' ಅಂದ.
ಊದಿದೆ. ಕೀಗಳ ಸಂದಿಯಿಂದ
ಹೋದ ವರ್ಷದ ರೊಟ್ಟಿಯ ಪುಡಿ, ಒಂದು ಬೀಜ
ಹಾರಿ ನನ್ನ ಕಣ್ಣಿಗೇ ಬಿದ್ದವು.
'ಮಗುಚಿ ಬೆನ್ನು ತಟ್ಟು' ಅಂದ ಜುರಾಬ್,
'ಹಾಲು ಕುಡಿದ ಕೂಸಿಗೆ ತಟ್ಟೋ ಹಾಗೆ.'
ತಟ್ಟಿದೆ. ತೇಗಲಿಲ್ಲ.
'ಇಲಿಯ ಬ್ಯಾಟರಿ ಬದಲಿಸು' ಎಂದರು ಯಾರೋ ಹಿಂದಿನಿಂದ.
ಬಾಲವಿರುವ ಇಲಿಗೆ ಬ್ಯಾಟರಿ ಎಲ್ಲಿಂದ ತರಲಯ್ಯಾ?

ತೆಲಾವಿಯ ಶಾಲ್ವಾನಿಗೆ ಫೋನು.
'ಕ್ಯಾಪ್ಸ್ ಲಾಕ್ ಒತ್ತು. ದೀಪ ಹತ್ತಿತಾ?'
ಇಲ್ಲ.
'ಮೌಸಿನ ಹೊಟ್ಟೆ ನೋಡು, ಕೆಂಪು ಬೆಳಕು?'
ಕತ್ತಲು.
'ಮೂಲೆಯಲ್ಲಿ ಗಡಿಯಾರ?'
ನಡೀತಿದೆ.
'ಹಾಗಾದ್ರೆ ಜೀವ ಇದೆ ನಾನುಲಿ,
ನೀನು ಹೇಳಿದ್ದು ಕೇಳಿಸ್ತಿಲ್ಲ, ಅಷ್ಟೆ.'
ಅಂಥವನ ಜತೆ ಇಪ್ಪತ್ತಾರು ವರ್ಷ
ಸಂಸಾರ ಮಾಡಿದವಳಿಗೆ ಇದು ಹೊಸದೆ?

ಅಷ್ಟರಲ್ಲಿ ಕಣ್ಣೆದುರೇ ಅಂಕಿ ಇಳಿಯಿತು.
ಒಂಬೈನೂರ ಇಪ್ಪತ್ತು.
ಲಾರಿಯ ಹಿಂಬಾಗಿಲ ಸೀಳಿನಿಂದ ರಸ,
ಹಲಗೆ ದಾಟಿ, ಡಾಂಬರು ದಾಟಿ, ಚರಂಡಿಗೆ.
ಕಣಜಗಳಿಗೆ ಹಬ್ಬ.
ಒಮರಿ ಟೋಪಿ ತೆಗೆದು ಅದನ್ನೇ ನೋಡುತ್ತ ನಿಂತಿದ್ದ.
ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

'ಆರಿಸು. ಪ್ಲಗ್ ಕೀಳು. ಬಟನ್ ಒತ್ತಿ ಹಿಡಿದು
ಹತ್ತು ಎಣಿಸು, ಒಳಗುಳಿದ ಕರೆಂಟು ಹೋಗಲಿ.'
ಹತ್ತರ ಬದಲು ಇಪ್ಪತ್ತು ಎಣಿಸಿದೆ.
ಮತ್ತೆ ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಕೀಬೋರ್ಡ್ ಸಿಗಲಿಲ್ಲ. ಮುಂದುವರಿಯಲು ಎಫ್ ಒಂದು ಒತ್ತಿ.
ಓದಿ ಹೇಳಿದೆ. ಕಿಟಕಿಯಾಚೆ
ಮೂವತ್ತೊಂದು ಲಾರಿಯ ಜನ ನಕ್ಕರು.
ಒಮರಿಯೂ ನಕ್ಕ, ಸ್ವಲ್ಪ.

'ವೈರು ಹಿಡಿದು ಹೋಗು, ಎಲ್ಲಿ ಮುಗಿಯುತ್ತೋ ನೋಡು.'
ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿದೆ.
ಎರಡೂ ಬಾಲ ಹೋಗಿ ಸೇರಿದ್ದು
ಹೆಬ್ಬೆರಳಷ್ಟು ದೊಡ್ಡ ಒಂದು ಕವಲು ಡಬ್ಬಿಗೆ.
ಅದರ ಪಕ್ಕದ ಕಿಂಡಿಯಲ್ಲಿ
ಮೊನ್ನೆ ಸೆಕೆಗೆಂದು ನಾನೇ ಸಿಕ್ಕಿಸಿದ
ಪುಟ್ಟ ಗುಲಾಬಿ ಫ್ಯಾನು.
ಡಬ್ಬಿ ಮುಟ್ಟಿದರೆ ಬೆರಳು ಸುಡುತ್ತಿತ್ತು.

ಯಾರಿಗೂ ಹೇಳಲಿಲ್ಲ. ಶಾಲ್ವಾನಿಗೂ.
ಫ್ಯಾನು ಜೇಬಿಗೆ.
ಎರಡು ವೈರನ್ನೂ ಪೆಟ್ಟಿಗೆಯ ಬೆನ್ನಿಗೇ ನೇರ ಚುಚ್ಚಿದೆ.
ಇಲಿಯ ಹೊಟ್ಟೆ ಕೆಂಪಾಯಿತು.
ನೊಣ ಎದ್ದು ಹಾರಿತು.

ಅಂಕಿ: ಏಳು ಸಾವಿರದ ಒಂಬೈನೂರು.
ನಲವತ್ತು ಕಿಲೋ ಚರಂಡಿಯಲ್ಲಿ.
ಬೆರಳು ಎಂಟರ್ ಮೇಲಿಟ್ಟು
ಹೊರಗೆ ನೋಡಿದೆ.
'ಒಮರಿ,' ಅಂದೆ, 'ಬಿಸಿಲಲ್ಲಿ ಯಾಕೆ ನಿಂತಿದ್ದೀಯ?
ಕ್ಯಾಬಿನ್ ಹತ್ತಿ ಕೂತ್ಕೊ.'

ತೂಗುವಾಗ ಡ್ರೈವರ್ ಕೆಳಗಿಳಿಯಬೇಕು
ಎಂಬ ಬೋರ್ಡು ಅವನ ತಲೆಯ ಮೇಲೇ ಇದೆ.
ಅದನ್ನು ಬರೆದವಳೂ ನಾನೇ.
ಅವನು ಬೋರ್ಡು ನೋಡಿದ, ನನ್ನ ನೋಡಿದ,
ಹತ್ತಿದ. ಬಾಗಿಲು ಹಾಕಿದ ಸದ್ದು.

ಒಂಬೈನೂರ ಅರವತ್ತು.
ಬಡಕಲು ಮನುಷ್ಯ, ಪಾಪ, ಅರವತ್ತೇ ಕಿಲೋ.
ನಲವತ್ತು ಸೋರಿದ್ದಕ್ಕೆ.
ಇಪ್ಪತ್ತು ಕಾಯಿಸಿದ್ದಕ್ಕೆ.

ಎಂಟರ್ ಕೀ ಇನ್ನೂ ಸ್ವಲ್ಪ ಅಂಟಂಟು.
ಒತ್ತಿದೆ. ಕೇಳಿಸಿಕೊಂಡಿತು.