ಆಕಳಿಕೆ

ಪೆಟ್ಟಿಗೆ ಆಮೇಲೆ ತೆರೆ ಮ್ಜೆವಿನಾರ್.
ಕ್ವಿರಿಲಾ ಹೊಳೆಯಾಚೆಯಿಂದ ಎರಡು ಬಸ್ಸು ಹತ್ತಿ ಬಂದಿದ್ದೀಯ,
ಮೊದಲು ಇಲ್ಲಿ ಕೂತು ನೋಡು.
ಅಗೋ, ದ್ರಾಕ್ಷಾರಸದ ಹರವಿ ಹೂತ ಜಾಗದ ಪಕ್ಕ,
ಆ ಬೂದಿಬಣ್ಣದ ಮರಿ ಕತ್ತು ನೀಡಿತು,
ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.
ದನಿಯಿಲ್ಲ.
ಮೊಮ್ಮಗ ಅಂದ, ಅಜ್ಜಿ, ಅದಕ್ಕೆ ನಿದ್ದೆ ಬಂದಿದೆ.
ಬೆಳಗಿನ ಬಿಸಿಲಲ್ಲಿ, ಹಸಿದ ಹೊಟ್ಟೆಯಲ್ಲಿ
ಯಾವ ಕೋಳಿ ನಿದ್ದೆಗೆ ಆಕಳಿಸುತ್ತೆ?

ಈಸ್ಟರಿಗೆ ಹನ್ನೊಂದಿದ್ದವು.
ಒಂದನ್ನು ಗಿಡುಗ ಒಯ್ದಿತು, ಅದು ಅದರ ಪಾಲು.
ಮೂರನ್ನು ಈ ಆಕಳಿಕೆ ಒಯ್ದಿತು.
ಗಿಡುಗನಿಗೆ ಬೈಯಬಹುದು, ಕಲ್ಲು ಬೀಸಬಹುದು.
ಗಂಟಲೊಳಗೆ ಕೂತವನಿಗೆ ಏನು ಬೀಸಲಿ?

ಇವು ಗೂಡು ಕಂಡವಲ್ಲ.
ರಾತ್ರಿ ಅಕ್ರೋಟು ಮರದ ಕೊಂಬೆ,
ಹಗಲು ದ್ರಾಕ್ಷಿಬಳ್ಳಿಯ ಬುಡ, ತಿಪ್ಪೆ,
ಪಕ್ಕದ ಮನೆಯ ಸೊಪ್ಪಿನ ಮಡಿ, ಅದಕ್ಕೂ ಜಗಳ ಆಗಿದೆ.
ಮಳೆ ನಿಂತ ಮರುಗಳಿಗೆ
ಎರೆಹುಳು ಮೇಲೆ ಬಂದರೆ ಸಾಕು,
ಹಬ್ಬ.
ಆ ಹಬ್ಬದಲ್ಲೇ ಅದು ಒಳಗೆ ಹೋಗುತ್ತೆ ಅಂತ ನೀನೇ ಹೇಳಿದೆ.
ಕೋಳಿ ಕೆಮ್ಮಿ ನುಂಗಿದ್ದು ಹಿಕ್ಕೆಯಲ್ಲಿ ನೆಲಕ್ಕೆ,
ನೆಲದ್ದು ಎರೆಹುಳುವಿಗೆ,
ಎರೆಹುಳು ವರ್ಷಗಟ್ಟಲೆ ಬಚ್ಚಿಟ್ಟದ್ದು
ಮತ್ತೆ ಮರಿಯ ಗಂಟಲಿಗೆ.
ಬಾಯಿಂದ ಬಾಯಿಗೆ, ಊರ ಚಾಡಿಯ ಹಾಗೆ.

ಅಂಬ್ರೋಸಿ ಹೇಳಿದ, ಕೊಯ್ದುಬಿಡು,
ಅಕ್ರೋಟು ಅರೆದು ಸಾತ್ಸಿವಿ ಮಾಡು.
ಗೇಣುದ್ದವೂ ಇಲ್ಲದ ಮರಿ, ಅದರಲ್ಲಿ ಯಾವ ಸಾತ್ಸಿವಿ?
ನಾನು ಅತ್ತೆಯ ಮದ್ದು ನೆನೆದೆ.
ಕರಾಮಾನನ ಕುದುರೆಯ ಬಾಲದಿಂದ
ಎರಡು ಕೂದಲು ಕಿತ್ತೆ. ಒದೆಯಲಿಲ್ಲ, ಪುಣ್ಯ.
ಮಡಚಿ, ಹೊಸೆದು, ತುದಿಯಲ್ಲಿ ಕುಣಿಕೆ ಬಿಟ್ಟು,
ಸೂರ್ಯಕಾಂತಿ ಎಣ್ಣೆಯಲ್ಲಿ ಅದ್ದಿ,
ಮರಿಯನ್ನು ಮಂಡಿಗಳ ನಡುವೆ ಹಿಡಿದೆ.
ನಾಲಿಗೆಯ ಹಿಂದೆ ಆ ಸಣ್ಣ ಸೀಳು ಇದೆಯಲ್ಲ,
ಅದು ತೆರೆಯುವ ಗಳಿಗೆಗೆ ಕಾದು
ಇಳಿಸಿದೆ.
ಒಂದು ಸುತ್ತು, ಎರಡು ಸುತ್ತು.
ಉಸಿರು ನಾನೂ ಬಿಟ್ಟಿರಲಿಲ್ಲ.

ಬಂತು.
ಕೆಂಪು ದಾರದ ಎಳೆ, ಲೋಳೆ ಹತ್ತಿದ್ದು,
ಕವೆಗೋಲಿನ ಆಕಾರ.
ಅಂಗೈ ಮೇಲಿಟ್ಟು ಕನ್ನಡಕ ಹಾಕಿ ನೋಡಿದರೆ
ಉದ್ದದ್ದೊಂದು, ಮೋಟೊಂದು,
ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ.
ಸೂಜಿಯ ಮೊನೆಯಿಂದ ಬಿಡಿಸಲು ನೋಡಿದೆ,
ಹರಿದವೇ ಹೊರತು ಬಿಡಲಿಲ್ಲ.
ಉದ್ದದ್ದು ಹೆಣ್ಣು, ಮೋಟು ಗಂಡು,
ಹರೆಯದಲ್ಲಿ ಹಿಡಿದದ್ದು ಸಾಯುವತನಕ ಹಾಗೇ
ಅಂತ ನೀನು ಫೋನಿನಲ್ಲಿ ಹೇಳಿದಾಗ
ಅಂಬ್ರೋಸಿಯನ್ನು ಕೂಗಿ ಕರೆದೆ:
ಬಾ ಇಲ್ಲಿ, ನಮ್ಮ ಮದುವೆಯ ಫೋಟೋ.
ಅವನು ನನ್ನ ಭುಜಕ್ಕೆ ಬರುವವನು, ನೋಡಿದ್ದೀಯಲ್ಲ.
ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದ:
ಹಾಗಾದರೆ ಗಂಟಲು ಯಾರದು?

ನಲವತ್ತೊಂದು ವರ್ಷದಲ್ಲಿ
ನಾನು ಬಾಯಿ ಕಟ್ಟಿ ನಿಂತದ್ದು ಆಗ ಒಂದೇ ಸಲ.

ನಮ್ಮ ಲಮಾರಾಗೆ ಆರು ವರ್ಷ ಆಗ.
ನಾವು ತಟ್ಟೆ ಒಡೆದ ರಾತ್ರಿಗಳಲ್ಲಿ
ಬಾಗಿಲ ಚೌಕಟ್ಟಿಗೆ ಆತು ನಿಂತು
ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು.
ಮಗುವಿಗೆ ನಿದ್ದೆ ಬಂದಿದೆ ಅಂದುಕೊಳ್ಳುತ್ತಿದ್ದೆವು.

ಸರಿ, ಈಗ ತೆರೆ ಪೆಟ್ಟಿಗೆ.
ಪುಡಿ ಎಷ್ಟು, ನೀರು ಎಷ್ಟು,
ಎಷ್ಟು ದಿನ ಮೊಟ್ಟೆ ತಿನ್ನಬಾರದು,
ಈ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಡು.
ಮರಿಗಳನ್ನು ಈ ನೆಲದಿಂದ ಎತ್ತಿ
ಹಲಗೆಯ ಮೇಲೆ ಬೆಳೆಸು ಅಂದೆಯಲ್ಲ,
ಗರಗಸದ ಸದ್ದು ಕೇಳಿಸುತ್ತಿದೆಯಾ? ಅವನೇ.
ದೊಡ್ಡವು ಮರದ ಮೇಲೇ ಮಲಗಲಿ,
ಅವು ಯಾರ ಮಾತೂ ಕೇಳವು.

ಬೂದಿಬಣ್ಣದ್ದು ನಿನ್ನೆ ಸಂಜೆ ಕೀಚ್ ಅಂತು, ಒಂದೇ ಸಲ.
ಇವತ್ತು ಮತ್ತೆ ಕತ್ತು ನೀಡಿದೆ, ನೋಡು.
ಇನ್ನೊಂದು ಜೋಡಿ ಒಳಗಿರಬೇಕು.
ಕುದುರೆ ಕೂದಲು ಕಿಟಕಿಯ ಮೇಲಿದೆ,
ತಾ.